ನಿಮಗಿದು ಗೊತ್ತೆ? ಆಮೆಯ ಚಿಪ್ಪಿಗೆ ಬರಿಯ ಶಾಖ ಸಾಲದು

ಆಮೆಯ ಚಿಪ್ಪನ್ನು ನಿರ್ಜೀವ ಕವಚವೆಂದು ಬಗೆಯುವವರು ಬಹುಮಂದಿ. ವಾಸ್ತವದಲ್ಲಿ ಅದು ಬೆನ್ನೆಲುಬೂ ಪಕ್ಕೆಲುಬುಗಳೂ ಬೆಸೆದು ನಿರ್ಮಿತವಾದ ಸಜೀವ ಅಸ್ಥಿರಚನೆಯಾಗಿದ್ದು, ಅದರ ಮೇಲಣ ಹೊದಿಕೆ ಮಾತ್ರ ನಮ್ಮ ಉಗುರಿನಂತೆ ಕೆರಾಟಿನ್ನಿನದು. ಮೆಡಿಟರೇನಿಯನ್ ತೀರದ ಹರ್ಮನ್ ಆಮೆಯನ್ನು ಇಂಗ್ಲೆಂಡಿನಂತಹ ಶೀತಲ ದೇಶಗಳಲ್ಲಿ ಮನೆಯೊಳಗೆ ಸಾಕುವವರು, ಆವರಣದ ಒಂದು ತುದಿಯಲ್ಲಿ ದೀಪವನ್ನು ತೂಗಹಾಕಿ, ಅದರಡಿಯ ನೆಲವು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುವಂತೆಯೂ ಇನ್ನೊಂದು ತುದಿ ತಂಪಾಗಿ ಉಳಿಯುವಂತೆಯೂ ಏರ್ಪಡಿಸುತ್ತಾರೆ. ತನಗೆ ಬೇಕಾದ ಶಾಖವನ್ನು ಪ್ರಾಣಿಯೇ ನಡೆದುಹೋಗಿ ಆರಿಸಿಕೊಳ್ಳಬೇಕಷ್ಟೆ.

ಆದರೆ ಅತಿನೇರಳೆ ಬಿ ಕಿರಣಗಳು ಚರ್ಮಕ್ಕೆ ತಾಗಿದಲ್ಲದೆ ಡಿ3 ಜೀವಸತ್ವ ಉತ್ಪನ್ನವಾಗದು. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ, ಚಿಪ್ಪು ಮೆತ್ತಗಾಗಿ ವಿರೂಪಗೊಳ್ಳುವುದು. ಕಿಟಕಿಯ ಗಾಜು ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ಗಾಜಿನ ಹಿಂದೆ ಬಿಸಿಲು ಕಾಯಿಸಿಕೊಳ್ಳುವ ಆಮೆಗೆ ದೊರಕುವುದು ಬೆಚ್ಚಗಿನ ಸುಖವೊಂದೇ.

ಮರಿಯ ಬೆನ್ನಿನ ಫಲಕಗಳು ಪುಟ್ಟ ಗೋಪುರಗಳಂತೆ ಉಬ್ಬೇಳುವುದಕ್ಕೆ ಅತಿಯಾದ ಪ್ರೋಟೀನೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಫ್ರಿಕದ ಸುಲ್ಕಾಟ ಆಮೆಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಣಹವೆಯ ಪಾತ್ರವೇ ಅದಕ್ಕಿಂತ ಹಿರಿದೆಂದು ತೋರಿತು. ಮೇಲಿನಿಂದ ಕಾಯಿಸುವ ದೀಪ ಬೆನ್ನನ್ನೂ ಒಣಗಿಸುವುದೆಂಬುದನ್ನು ಅರಿತವರು, ಒದ್ದೆ ಮಣ್ಣಿನ ಅಡಗುದಾಣವನ್ನೂ ಉಗುರುಬೆಚ್ಚನೆಯ ನೀರಿನ ಸ್ನಾನವನ್ನೂ ಒದಗಿಸುತ್ತಾರೆ. ಹೊಳಪಿಗೆಂದು ಎಣ್ಣೆ ಬಳಿಯುವುದು ಸಾಕುವವರ ಕಣ್ಣಿಗೆ ಹಿತವೇ ಹೊರತು ಚಿಪ್ಪಿಗಲ್ಲ.

ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದಾದರೋ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಶಿಕ್ಷಾರ್ಹ ಅಪರಾಧ.