ಬ್ಲಾಗ್ ಬರೆಯುವ ಸಹೋದರಿಯರಿಗೆ

ಗೊರೇಬಾಳದ ಮನೆಯಲ್ಲಿ ಕುಳಿತು ನೀವು ಪುಂಡಿ ಪಲ್ಯ, ಜೋಳದ ರೊಟ್ಟಿಯ ಬಗ್ಗೆ ಬ್ಲಾಗಿನಲ್ಲಿ ಬರೆದರೆ ದುಬೈಯಲ್ಲಿರುವ ಕನ್ನಡದ ಸಹೋದರಿಯೂ ಅದನ್ನು ಓದಬಲ್ಲಳು. ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯಲು ಹಣ ಕೊಡಬೇಕಿಲ್ಲ.

ಎಷ್ಟು ಮಂದಿ ಓದಿದರು, ಎಲ್ಲಿಂದ ಬಂದರು ಎಂಬುದನ್ನು 2005ರಲ್ಲಿ ಆರಂಭವಾದ ಗೂಗಲ್ ಅನಲಿಟಿಕ್ಸ್ ತಿಳಿಸುತ್ತದೆ. ಗೂಗಲ್‌ನಲ್ಲಿ ಯಾವ ಪದ ಹುಡುಕಿ ಬಂದರೆಂಬುದನ್ನು ಸರ್ಚ್ ಕನ್ಸೋಲ್ ತೋರಿಸುತ್ತದೆ. ಜನರು ಹುಡುಕುವ ಪದವೇ ನಿಮ್ಮ ಶೀರ್ಷಿಕೆಯಲ್ಲಿರಲಿ, ಓದುಗರು ಹೆಚ್ಚುತ್ತಾರೆ.

ಇನ್ನು ಸಂಪಾದನೆಯ ಮಾತು. 2003ರಲ್ಲಿ ಆರಂಭವಾದ ಆಡ್‌ಸೆನ್ಸ್, ಅನುಮತಿ ಸಿಕ್ಕ ಬ್ಲಾಗಿನಲ್ಲಿ ಜಾಹೀರಾತು ಹಾಕಿ ಅದರ ಆದಾಯದಲ್ಲಿ ಪಾಲು ಕೊಡುತ್ತದೆ. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಸಂಖ್ಯೆ ಬರುತ್ತದೆ. 100 ಡಾಲರ್ ತುಂಬಿದ ಮೇಲೆಯೇ ಹಣ ಬ್ಯಾಂಕಿಗೆ ಬರುತ್ತದೆ. ಓದುಗರು ಕಡಿಮೆಯಿದ್ದರೆ ಅದಕ್ಕೆ ವರ್ಷಗಳೇ ಹಿಡಿಯಬಹುದು.

ಅವಸರಪಟ್ಟು ನಿಮ್ಮ ಬ್ಲಾಗಿನ ಜಾಹೀರಾತನ್ನು ನೀವೇ ಒತ್ತಬೇಡಿ, ಮಕ್ಕಳಿಂದಲೂ ಒತ್ತಿಸಬೇಡಿ. ಖಾತೆ ರದ್ದಾಗುವ ಭಯ ಒಂದೆಡೆಯಾದರೆ, ಜಾಹೀರಾತು ಕೊಟ್ಟವನನ್ನು ವಂಚಿಸಿದ ಪಾಪ ಇನ್ನೊಂದೆಡೆ. ಬೇಡವಾದ ಬಗೆಯ ಜಾಹೀರಾತುಗಳನ್ನು ತಡೆಯುವ ಸೌಲಭ್ಯವೂ ಆಡ್‌ಸೆನ್ಸ್‌ನಲ್ಲಿದೆ, ಮರೆಯದೆ ಬಳಸಿರಿ. ಹಲಾಲ್ ಸಂಪಾದನೆ ಸ್ವಲ್ಪವೇ ಆದರೂ ಅದರಲ್ಲಿ ಬರಕತ್ ಇದೆಯಲ್ಲವೇ?