ಬೇಟೆಯಾಡುವ ಮೀನುಗಳ ಸಮೀಪ ಸ್ಕೂಬಾ ಡೈವಿಂಗ್: ಸುರಕ್ಷತಾ ಕ್ರಮಗಳು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವು ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ಇಲ್ಲಿನ ಬಂಡೆಗಳ ಸುತ್ತ ಬರಾಕುಡಾ ಮುಂತಾದ ಮೀನುಗಳು ಸಣ್ಣ ಮೀನುಗಳ ಹಿಂಡನ್ನು ಬೇಟೆಯಾಡುತ್ತವೆ. ಮನುಷ್ಯನು ಇವುಗಳ ಆಹಾರವಲ್ಲ. ಆದರೆ ಬೇಟೆಯ ರಭಸದಲ್ಲಿ ಹೊಳೆಯುವ ವಸ್ತುವನ್ನು ಮೀನೆಂದು ಭ್ರಮಿಸಿ ಕಚ್ಚುವ ಸಂಭವವಿರುತ್ತದೆ. ಆದ್ದರಿಂದ ಪ್ರವಾಸಿಗರು ಈ ಕೆಳಕಂಡ ಕ್ರಮಗಳನ್ನು ಪಾಲಿಸತಕ್ಕದ್ದು.

1. ಉಂಗುರ, ಸರ, ಬಳೆ ಮುಂತಾದ ಹೊಳೆಯುವ ಆಭರಣಗಳನ್ನು ಧರಿಸಿ ನೀರಿಗಿಳಿಯಬಾರದು.

2. ಮೀನುಗಳಿಗೆ ತಿನಿಸು ಹಾಕಬಾರದು. ತಿನಿಸು ನೀಡುವ ಕೈಯನ್ನು ಗುರುತಿಸಲು ಕಲಿತ ಮೀನು, ಮುಂದೆ ಬರುವವರ ಬರಿಗೈಗೂ ಬಾಯಿ ಹಾಕೀತು.

3. ಬೇಟೆಯಾಡುವ ಮೀನು ಮತ್ತು ಹಿಂಡಿನ ನಡುವೆ ಹೋಗದೆ, ಕೈಗಳನ್ನು ಮಡಚಿಕೊಂಡು ದೂರದಿಂದಲೇ ವೀಕ್ಷಿಸಬೇಕು.

4. ಬಂಡೆಗಳ ಬಿರುಕಿನಲ್ಲಿ ಕೈ ಹಾಕಬಾರದು. ಅಲ್ಲಿ ಹರಿತವಾದ ಹಲ್ಲುಗಳುಳ್ಳ ಮೊರೆ ಈಲ್ ಅಡಗಿರುವುದುಂಟು.

5. ಬೋಧಕರ ಕಣ್ಣಳತೆಯಿಂದ ದೂರ ಸರಿಯಬಾರದು.

ಮೀನಿನ ಕಡಿತಕ್ಕಿಂತಲೂ ಗಾಬರಿಯೇ ಹೆಚ್ಚು ಅಪಾಯಕಾರಿ ಎಂಬುದನ್ನು ಗಮನಿಸಬೇಕು. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಸುಮಾರು ಎರಡರಷ್ಟಿರುತ್ತದೆ. ಅಲ್ಲಿಂದ ಉಸಿರು ಬಿಗಿಹಿಡಿದು ಥಟ್ಟನೆ ಮೇಲೇರಿದಲ್ಲಿ, ಒತ್ತಡ ತಗ್ಗಿದಂತೆಲ್ಲ ಒಳಗಿನ ಗಾಳಿಯು ಹಿಗ್ಗಿ ಶ್ವಾಸಕೋಶವು ಹರಿಯಬಹುದು; ಪ್ರಾಣಹಾನಿಯೂ ಆಗಬಹುದು. ಆದುದರಿಂದ ಭಯವಾದಾಗ ಎಡೆಬಿಡದೆ ಉಸಿರಾಡುತ್ತಾ, ಬೋಧಕರಿಗೆ ಸನ್ನೆ ಮಾಡಿ, ಅವರೊಂದಿಗೆ ನಿಧಾನವಾಗಿ ಮೇಲೇರತಕ್ಕದ್ದು.

ನೀರಿಗಿಳಿಯುವ ಮುನ್ನವೇ ಈ ಸನ್ನೆಗಳನ್ನು ಬೋಧಕರಿಂದ ಕಲಿತುಕೊಳ್ಳುವಂತೆ ಪ್ರವಾಸಿಗರನ್ನು ಕೋರಲಾಗಿದೆ.