ಆಳುವವರ ದೈನ್ಯ

ಆಂಗ್ಲ ಲೇಖಕ ಆರ್ಥರ್ ಕ್ಲಾರ್ಕನು 1953ರಲ್ಲಿ ಪ್ರಕಟಿಸಿದ ‘ಚೈಲ್ಡ್‌ಹುಡ್ಸ್ ಎಂಡ್’ ಎಂಬ ಕಾದಂಬರಿಯಲ್ಲಿ, ಅನ್ಯಲೋಕದ ಪ್ರಭುಗಳು ಮಹಾನಗರಗಳ ಮೇಲೆ ಆಕಾಶನೌಕೆಗಳನ್ನು ನಿಲ್ಲಿಸಿ ಭೂಮಂಡಲವನ್ನಾಳುವರು. ಯುದ್ಧವನ್ನು ಅಡಗಿಸುವರು, ಆದರೆ 50 ವರ್ಷ ಮುಖ ತೋರಿಸರು. ಕಾರಣ, ಕೋಡು, ರೆಕ್ಕೆ, ಬಾಲಗಳುಳ್ಳ ಅವರದು ಸೈತಾನನದೇ ರೂಪ!

ಕಥೆಯ ಮರ್ಮವಾದರೋ ಬೇರೆ. ಈ ಪ್ರಭುಗಳೂ ಪರಾಧೀನರೇ. ಹಿರಿದಾದ ಚೈತನ್ಯವೊಂದರ ಅಪ್ಪಣೆಯಂತೆ ಅವರು ಮಾನವಶಿಶುಗಳನ್ನು ಕಾಯುವರು. ಕಡೆಗೆ ಆ ಮಕ್ಕಳು ಅದರಲ್ಲಿ ಲೀನರಾಗುವರು, ತಂದೆತಾಯಿಗಳು ಹಿಂದುಳಿವರು, ಕಾದವರಿಗೂ ಆ ಪದವಿ ದಕ್ಕದು.

ಬಹುಕಾಲ ಪಾಠ ಹೇಳಿದ ನಮಗೆ ಇದು ಬರಿಯ ಕಟ್ಟುಕಥೆಯೆನಿಸಲಿಲ್ಲ. ನಮ್ಮೆದುರು ಶಬ್ದರೂಪಗಳನ್ನು ಒಪ್ಪಿಸಿದ ಹುಡುಗರು ಇಂದು ನಾವರಿಯದ ಶಾಸ್ತ್ರಗಳಲ್ಲಿ ಪ್ರವೀಣರು. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ಹಿರಿಯರು ಹೇಳುವರು. ಆ ಸೋಲಿನಲ್ಲಿ ಸಂತೋಷವುಂಟು, ಒಂಟಿತನವೂ ಉಂಟು. ಮಕ್ಕಳನ್ನು ಆಳುವೆವೆಂದು ಬಗೆಯುವ ಗೃಹಸ್ಥರು ಇದನ್ನು ನೆನೆಯಲಿ: ನಾವು ಕಾವಲುಗಾರರು ಮಾತ್ರ.